ಕಡಲು ಕೆಂಡದುಸಿರು ನುಂಗಿದ್ದು

ಲೋಕಕ್ಕೆ ಇನ್ನೂ ಹೊಸ ಬಟ್ಟೆಯ ವಾಸನೆ ಇದ್ದ ಕಾಲ. ಹಿಮಾಲಯ ಅಂಬೆಗಾಲಿಡುತ್ತಿತ್ತು. ಸೂರ್ಯನಿಗೆ ದಾರಿ ಸರಿಯಾಗಿ ರೂಢಿಯಾಗಿರಲಿಲ್ಲ. ಒಂದೊಂದು ದಿನ ಪಡುವಣದಲ್ಲೇ ಹುಟ್ಟಿ, ತಪ್ಪು ತಿಳಿದ ಮೇಲೆ ನಾಚಿಕೊಂಡು ವಾಪಸು ಹೋಗುತ್ತಿದ್ದ. ಇದೆಲ್ಲ ನಿಜವೇ ಎಂದು ಕೇಳಬೇಡಿ. ಸುಳ್ಳು ಎನ್ನುವುದು ಆಗಿನ್ನೂ ಹುಟ್ಟಿರಲಿಲ್ಲ, ಆದ್ದರಿಂದ ಆಗ ನಡೆದದ್ದೆಲ್ಲ ನಿಜವೇ.

ಆ ಕಾಲದಲ್ಲಿ ಕಡಲಿಗೆ ಅಲೆ ಇರಲಿಲ್ಲ.

ಒಂದೇ ಒಂದೂ ಇರಲಿಲ್ಲ. ಅಗಲವಾದ ತಟ್ಟೆಯಲ್ಲಿ ಹೊಯ್ದಿಟ್ಟ ಗಂಜಿತಿಳಿಯ ಹಾಗೆ ಕಡಲು ತುಟಿ ಬಿಗಿದುಕೊಂಡು ಸುಮ್ಮನೆ ಮಲಗಿತ್ತು. ಆಕಾಶ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿತ್ತು. ಮೀನುಗಳು ತೇಲಿ ಬಂದು ಆಕಾಶದ ಬೈತಲೆ ಸೊಟ್ಟಗಿದೆ ಎಂದು ಹೇಳಿ ಮುಳುಗುತ್ತಿದ್ದವು.

ಆ ಕಡಲಿಗೆ ಹೊಳೆಯೊಂದು ಸೇರುವ ಅಳಿವೆಯ ದಡದಲ್ಲಿ ಪೊಕ್ಕಣ್ಣನ ಮನೆ. ಪೊಕ್ಕಣ್ಣನಷ್ಟು ಬುದ್ಧಿವಂತ ಇಡೀ ಕರಾವಳಿಯಲ್ಲಿ ಇನ್ನೊಬ್ಬ ಇರಲಿಲ್ಲ. ಹೀಗೆಂದು ಹೇಳುತ್ತಿದ್ದವನು ಪೊಕ್ಕಣ್ಣನೇ. ಅವನು ಹೇಳಿದಾಗಲೆಲ್ಲ ಹೆಂಡತಿ ಹೊನ್ನಿ, ಇಡೀ ಕರಾವಳಿಯಲ್ಲಿ ಸದ್ಯಕ್ಕೆ ನಾವು ಇರುವುದೇ ಹದಿನಾಲ್ಕು ಜನ ಎಂದು ನೆನಪು ಮಾಡಿಕೊಡುತ್ತಿದ್ದಳು.

ಹೊನ್ನಿ ಮಾತು ಕಡಿಮೆಯ ಹೆಂಗಸು. ಹೊಳೆ ಇಳಿದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ನಿಂತು, ಹೆಬ್ಬೆರಳಲ್ಲೇ ಕೆಸರು ತಡಕಿ ಬಳಚು ಹೆಕ್ಕುತ್ತಿದ್ದಳು. ಬಳಚು ಎಂದರೆ ಎರಡು ಚಿಪ್ಪುಗಳನ್ನೇ ಬಾಗಿಲು ಮಾಡಿಕೊಂಡು ಕೆಸರಿನಲ್ಲಿ ಮಲಗುವ ಸಣ್ಣ ಜೀವ. ಒಳಗಿನ ಮಾಂಸ ಸಾರಿಗೆ ಹೋಗುತ್ತಿತ್ತು. ಚಿಪ್ಪು ಹಿತ್ತಿಲಿಗೆ ಹೋಗುತ್ತಿತ್ತು. ಹಿತ್ತಿಲಲ್ಲಿ ಚಿಪ್ಪಿನ ರಾಶಿ ಬೆಳೆದು ಬೆಳೆದು ಮನೆಯ ಮಾಡನ್ನು ದಾಟಿತು.

ಒಂದು ದಿನ ಪೊಕ್ಕಣ್ಣ ತರಗೆಲೆಗೆ ಬೆಂಕಿ ಕೊಟ್ಟ. ಬೆಂಕಿ ಕಟ್ಟಿಗೆಗೆ ಹತ್ತಿತು, ಕಟ್ಟಿಗೆಯಿಂದ ಚಿಪ್ಪಿನ ರಾಶಿಗೆ ಹತ್ತಿತು, ಮೂರು ದಿನ ಉರಿದು ನಾಲ್ಕನೆಯ ದಿನ ಆರಿತು. ಐದನೆಯ ದಿನ ಮಳೆ ಬಂತು. ಆರಿ ತಣ್ಣಗಾಗಿದ್ದ ಆ ಬಿಳಿ ಚಿಪ್ಪುಗಳ ಮೇಲೆ ಮಳೆ ಬಿದ್ದದ್ದೇ ತಡ, ಅವು ಕೊತಕೊತ ಕುದಿಯತೊಡಗಿದವು.

ಕೆಳಗೆ ಬೆಂಕಿ ಇಲ್ಲ, ಒಲೆ ಇಲ್ಲ. ನೀರು ಕುದಿಯುತ್ತಿದೆ. ಪೊಕ್ಕಣ್ಣ ಬಾಯಿ ಬಿಟ್ಟ. ಬಿಟ್ಟ ಬಾಯಿ ಮುಚ್ಚುವುದನ್ನು ಮರೆತ. ಜೇನುಹುಳವೊಂದು ಒಳಗೆ ಹೋಗಿ, ಗೂಡು ಕಟ್ಟಲು ಜಾಗ ಸಾಲದು ಎಂದು ತೀರ್ಮಾನಿಸಿ ಹೊರಗೆ ಬಂತು.

ಕುದಿದು ಮುಗಿದ ಮೇಲೆ ಚಿಪ್ಪುಗಳು ಅರಳಿ ಬೆಣ್ಣೆಯ ಹಾಗಾಗಿದ್ದವು. ಪೊಕ್ಕಣ್ಣ ಅದನ್ನು ನೀರಿನಲ್ಲಿ ಕದಡಿ ಮನೆಯ ಗೋಡೆಗೆ ಬಳಿದ. ಬೆಳಗಾಗುವಷ್ಟರಲ್ಲಿ ಗೋಡೆ ಎಷ್ಟು ಬೆಳ್ಳಗಾಗಿತ್ತೆಂದರೆ, ಕೋಳಿ ಅದನ್ನೇ ಸೂರ್ಯ ಎಂದುಕೊಂಡು ಮಧ್ಯಾಹ್ನದವರೆಗೂ ಕೂಗುತ್ತಿತ್ತು. ಕರಾವಳಿಯ ಹದಿನಾಲ್ಕು ಜನರೂ ಬಂದು ನೋಡಿದರು. ಅವರಲ್ಲಿ ಇಬ್ಬರು ಆ ಮನೆಯವರೇ.

ಹೀಗೆ ಸುಣ್ಣ ಹುಟ್ಟಿತು.

ಆಮೇಲೆ ಕೇಳಬೇಕೆ. ಹದಿನಾಲ್ಕು ಜನ ನೂರಾ ನಲವತ್ತಾದರು, ಸಾವಿರದ ನಾನೂರಾದರು, ಎಲ್ಲರಿಗೂ ಬಿಳಿ ಮನೆಯೇ ಬೇಕಾಯಿತು. ಪೊಕ್ಕಣ್ಣ ಚಿಪ್ಪು ಸುಡಲು ಕಲ್ಲಿನಿಂದ ಗುಂಡಗೆ ಗೂಡು ಕಟ್ಟಿದ. ಒಂದು ಹಾಸು ಇದ್ದಿಲು, ಅದರ ಮೇಲೆ ಒಂದು ಹಾಸು ಚಿಪ್ಪು, ಮತ್ತೆ ಇದ್ದಿಲು, ಮತ್ತೆ ಚಿಪ್ಪು. ಒಂದು ಗೂಡು ಸಾಲದೆ ಎರಡಾಯಿತು. ಎರಡು ಸಾಲದೆ ಹನ್ನೊಂದಾಯಿತು. ಜನ ಮನೆಗೆ ಬಳಿದರು, ಬಾವಿಕಟ್ಟೆಗೆ ಬಳಿದರು, ತೆಂಗಿನ ಮರದ ಬುಡಕ್ಕೆ ಬಳಿದರು. ಹೊಳೆಯ ಬದಿಯಲ್ಲಿ ಒಂಟಿಕಾಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತ ಹಕ್ಕಿಯೊಂದಕ್ಕೆ ಎರಡು ಪದರ ಬಳಿದುಬಿಟ್ಟರು. ಅದರ ಮೊಮ್ಮಕ್ಕಳು ಇಂದಿಗೂ ಬೆಳ್ಳಗೇ ಇವೆ.

ಹನ್ನೊಂದನೆಯ ಗೂಡಂತೂ ಎಷ್ಟು ಎತ್ತರವಾಗಿತ್ತೆಂದರೆ, ಅದರ ತುದಿಯಲ್ಲಿ ನಿಂತು ಕೈ ಚಾಚಿದರೆ ಚಂದ್ರನಿಗೂ ಒಂದು ಕೈ ಬಳಿಯಬಹುದಿತ್ತು. ಪೊಕ್ಕಣ್ಣ ಬಳಿಯುವವನೇ ಇದ್ದ. ಹೊನ್ನಿ ಊಟಕ್ಕೆ ಕರೆದದ್ದರಿಂದ ಅರ್ಧಕ್ಕೇ ಇಳಿದು ಬಂದ.

ಈಗ ಒಂದು ವಿಷಯ ತಿಳಿದಿರಬೇಕು. ಗೂಡು ಉರಿದಾಗ ಎರಡು ಹೊರಗೆ ಬರುತ್ತವೆ. ಒಂದು ಹೊಗೆ. ಅದು ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ, ಸ್ವಲ್ಪ ಹೊತ್ತಿಗೆ ಚದುರಿ ಹೋಗುತ್ತದೆ. ಇನ್ನೊಂದು ಹೊಗೆಯ ಬೆನ್ನ ಹಿಂದೆ ಅಡಗಿ ಬರುವ ಕೆಂಡದುಸಿರು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಸಿಗುವುದಿಲ್ಲ, ಹೋಗು ಎಂದರೆ ಹೋಗುವುದೂ ಇಲ್ಲ. ಈಗ ಶಾಲೆಯಲ್ಲಿ ಅದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ಆಗ ಶಾಲೆಯೇ ಇರಲಿಲ್ಲ, ಅದಕ್ಕೇ ಆಗಿನ ಮಕ್ಕಳೆಲ್ಲ ಗುಂಡುಗುಂಡಾಗಿ ಇದ್ದರು.

ಈ ಕೆಂಡದುಸಿರನ್ನು ಹೊರುವ ಕೆಲಸ ಗಾಳಿರಾಯನ ತಲೆಗೆ ಬಿತ್ತು. ಗಾಳಿರಾಯ ಒಳ್ಳೆಯವನು. ಹೂವಿನ ಗಂಧ, ಅಡಿಗೆಮನೆಯ ಒಗ್ಗರಣೆ, ದೂರದ ದನದ ಕೊರಳ ಗಂಟೆ, ಇಂಥವನ್ನೆಲ್ಲ ಹೊತ್ತು ತಿರುಗಿ ಅಭ್ಯಾಸವಿದ್ದವನು. ಅವೆಲ್ಲ ಹಗುರ, ದಾರಿಯಲ್ಲೇ ಖಾಲಿಯಾಗುವಂಥವು. ಕೆಂಡದುಸಿರು ಖಾಲಿಯೇ ಆಗಲಿಲ್ಲ. ಹನ್ನೊಂದು ಗೂಡಿನದ್ದೂ ಅವನ ಹೆಗಲಿಗೆ ಬಂದು ಕೂತಿತು. ಆಕಾಶದ ಮೇಲೆ ಇಳಿಸೋಣವೆಂದರೆ ಅದು ಅಲ್ಲೇ ಕಂಬಳಿಯ ಹಾಗೆ ಹರಡಿಕೊಂಡಿತು. ಬಿಸಿಲು ಒಳಗೆ ಬಂತು, ಸೆಕೆ ಹೊರಗೆ ಹೋಗಲಿಲ್ಲ. ಹುತ್ತದೊಳಗಿನ ಹಾವು ಬೆವರಿದ್ದನ್ನು ಲೋಕ ಮೊದಲ ಸಲ ನೋಡಿತು.

ಗಾಳಿರಾಯ ಗುಡ್ಡದ ಹತ್ತಿರ ಹೋಗಿ ಇದನ್ನು ಸ್ವಲ್ಪ ಇಟ್ಟುಕೊ ಎಂದು ಬೇಡಿದ. ಗುಡ್ಡ ಯೋಚಿಸಿತು. ಯೋಚಿಸುವುದಕ್ಕೇ ಎಂಟು ದಿನ ಹಿಡಿಯಿತು. ಮಳೆನೀರಿನಲ್ಲಿ ಕಲಸಿಕೊಟ್ಟರೆ ನೂರು ವರ್ಷಕ್ಕೆ ಒಂದು ಚಿಟಿಕೆ ತಿಂದೇನು, ಅದಕ್ಕಿಂತ ಜಾಸ್ತಿ ಆಗದು ಎಂದಿತು.

ಕಾಡಿನ ಹತ್ತಿರ ಹೋಗಿ ಇದನ್ನು ಸ್ವಲ್ಪ ಇಟ್ಟುಕೊ ಎಂದು ಬೇಡಿದ. ಕಾಡು ಪಾಪ, ಇಲ್ಲ ಎನ್ನಲಿಲ್ಲ. ಎಲೆ ಎಲೆಯೂ ಬಾಯಿ ತೆರೆದು ನಾಲ್ಕು ಹೊರೆಯಲ್ಲಿ ಒಂದು ಹೊರೆಯನ್ನು ತಿಂದು ತೇಗಿತು. ಉಳಿದ ಮೂರು ಹೊರೆ ಗಾಳಿರಾಯನ ಹೆಗಲ ಮೇಲೇ ಉಳಿದವು.

ಇನ್ನು ಯಾರ ಬಾಗಿಲೂ ಉಳಿದಿರಲಿಲ್ಲ. ಗಾಳಿರಾಯ ಏದುಸಿರು ಬಿಡುತ್ತ ಕಡಲ ದಡಕ್ಕೆ ಬಂದು ಕೂತ. ಪೊಕ್ಕಣ್ಣ ಆಗ ಅಲ್ಲೇ ಚಿಪ್ಪು ಒಣಗಿಸುತ್ತಿದ್ದ.

"ಕಡಲಮ್ಮಾ," ಎಂದ ಗಾಳಿರಾಯ, "ಸ್ವಲ್ಪ ಬಾಯಿ ತೆಗೀತೀಯ? ಹೆಗಲು ಬಿದ್ದೇ ಹೋಯ್ತು."

ಹುಟ್ಟಿದಂದಿನಿಂದ ಒಮ್ಮೆಯೂ ಬಾಯಿ ತೆರೆಯದ ಕಡಲು ಅದು. ಮೊದಲು ಅದರ ತುಟಿ ನಡುಗಿತು. ನೀರು ಉದ್ದಕ್ಕೆ ಗೆರೆಯಾಗಿ ಮೇಲೆದ್ದಿತು, ಎದ್ದದ್ದು ಮುಂದಕ್ಕೆ ಬಾಗಿತು, ಬಾಗಿದ ಕಡೆ ಬೆಳ್ಳಗೆ ನೊರೆಯ ಹಲ್ಲು ಕಂಡಿತು. ಗಾಳಿರಾಯ ಒಂದು ಹೊರೆಯನ್ನು ಒಳಗೆ ತಳ್ಳಿದ. ಕಡಲು ಗುಳುಮ್ಮೆಂದು ನುಂಗಿ ಹಿಂದಕ್ಕೆ ಸರಿಯಿತು.

ಅದೇ ಲೋಕದ ಮೊದಲ ಅಲೆ. ಅದನ್ನು ನೋಡಿದ ತೆಂಗಿನ ಮರಗಳು ಬೆಚ್ಚಿ ಹಿಂದಕ್ಕೆ ಬಾಗಿದವು. ಏಡಿಗಳು ಹೆದರಿ ಓಡುವಾಗ ಮುಂದೆ ಹೋಗಬೇಕೋ ಹಿಂದೆ ಹೋಗಬೇಕೋ ತಿಳಿಯದೆ ಅಡ್ಡಕ್ಕೆ ಓಡಿದವು. ಪೊಕ್ಕಣ್ಣ ಮತ್ತೆ ಬಾಯಿ ಬಿಟ್ಟ. ಮುಚ್ಚುವುದನ್ನು ಮತ್ತೆ ಮರೆತ. ಈ ಸಲ ಒಳಗೆ ಹೋದದ್ದು ಉಪ್ಪುನೀರು.

ಕಡಲು ನುಂಗಿದ್ದನ್ನು ಸುಮ್ಮನೆ ಹೊಟ್ಟೆಗೆ ಹಾಕಿಕೊಂಡು ಕೂರಲಿಲ್ಲ, ಜೋಪಾನ ಮಾಡಿತು. ಲೋಕದ ಎರಡು ತುದಿಗಳಲ್ಲಿ ಮಂಜಿನ ಪಕ್ಕದಲ್ಲಿ ಇರುವ ತಣ್ಣೀರಿಗೆ ಅದನ್ನು ಒಪ್ಪಿಸಿತು. ತಣ್ಣೀರಿಗೆ ಉಸಿರು ಹಿಡಿದಿಡುವ ಶಕ್ತಿ ಜಾಸ್ತಿ, ಮೈಯಲ್ಲಿ ಭಾರವೂ ಜಾಸ್ತಿ. ಅದು ಕೆಂಡದುಸಿರನ್ನು ಮಡಿಲಿಗೆ ಕಟ್ಟಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕತ್ತಲೆಯ ಕೆಳಕೋಣೆಗೆ ಇಳಿಯಿತು. ಅಲ್ಲಿಗೆ ಹೋದದ್ದು ಸಾವಿರ ವರ್ಷ ಮೇಲಕ್ಕೆ ಬರುವುದಿಲ್ಲ. ಮೇಲುನೀರಿನಲ್ಲಿ ಸಾಸಿವೆಗಿಂತ ಸಣ್ಣ ಹಸಿರು ಜೀವಗಳಿದ್ದವು. ಅವೂ ತಮ್ಮ ಪಾಲನ್ನು ತಿಂದು, ಆಯುಸ್ಸು ಮುಗಿದಾಗ ಹಿಟ್ಟು ಉದುರಿದ ಹಾಗೆ ಮೆಲ್ಲಗೆ ಆಳಕ್ಕೆ ಉದುರಿದವು.

ಆಕಾಶಕ್ಕೆ ಸ್ವಲ್ಪ ಉಸಿರು ಬಂತು. ಹಾವಿನ ಬೆವರು ಆರಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಇಲ್ಲಿಗೇ ನಿಲ್ಲಬೇಕಾಗಿತ್ತು. ನಿಂತಿದ್ದರೆ ಈ ಕಥೆ ಚಿಕ್ಕದಾಗುತ್ತಿತ್ತು, ಪೊಕ್ಕಣ್ಣನ ಮಾನವೂ ಉಳಿಯುತ್ತಿತ್ತು. ಆದರೆ ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಡಲನ್ನು ನೋಡಿದ, ಗೂಡುಗಳನ್ನು ನೋಡಿದ, ಸುತ್ತ ನೆರೆದವರನ್ನು ನೋಡಿದ. ತನ್ನ ಗೂಡಿನ ಹೊಗೆ ನುಂಗಲೆಂದೇ ಕಡಲು ಹುಟ್ಟಿದ್ದು ಎಂದು ಸಾರಿಬಿಟ್ಟ. ಹನ್ನೊಂದು ಗೂಡಿನ ಪಕ್ಕ ಇನ್ನೂ ಹನ್ನೊಂದು ಎದ್ದವು. ಅವನನ್ನು ನೋಡಿ ತೆಂಕಣದವರು ಕಟ್ಟಿದರು, ಬಡಗಣದವರು ಕಟ್ಟಿದರು. ಗೂಡಿನ ಅಡಿಯಿಂದ ಗೋರಿದ ಬಿಸಿಬೂದಿಯನ್ನೂ ಕೆಂಡವನ್ನೂ ತಂದು ಕಡಲ ಬದಿಗೇ ಸುರಿದರು. ಯಾರಾದರೂ ಅನುಮಾನದ ಮಾತಾಡಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. ಕಡಲಿದೆಯಲ್ಲ.

ಗಾಳಿರಾಯ ತುಂಬಿದ. ಕಡಲು ನುಂಗಿತು. ಗಾಳಿರಾಯ ಮತ್ತೆ ತುಂಬಿದ. ಕಡಲು ಮತ್ತೆ ನುಂಗಿತು. ತಣ್ಣೀರು ಮೆಟ್ಟಿಲು ಇಳಿದು ಒಂದು ಹೊರೆ ಕೆಳಗಿಡುವಷ್ಟರಲ್ಲಿ ಮೇಲೆ ಹತ್ತು ಹೊರೆ ಕಾಯುತ್ತಿದ್ದವು. ಕಾಯ್ದು ಕಾಯ್ದು ಕೆಂಡದುಸಿರು ಮೇಲುನೀರಿನಲ್ಲೇ ಕರಗಿ ಕೂತಿತು. ನೀರಿನ ರುಚಿ ಒಂದು ಕೂದಲೆಳೆಯಷ್ಟು ಹುಳಿಯ ಕಡೆಗೆ ವಾಲಿತು. ಮನುಷ್ಯರ ನಾಲಗೆಗೆ ಅದು ತಿಳಿಯಲಿಲ್ಲ. ಬಳಚುಗಳಿಗೆ ತಿಳಿಯಿತು.

ಒಂದು ಬೆಳಿಗ್ಗೆ ಪೊಕ್ಕಣ್ಣ ಇಪ್ಪತ್ತೆರಡನೆಯ ಗೂಡಿಗೆ ಬೆಂಕಿ ಕೊಟ್ಟು ಕೆಳಗಿಳಿದಾಗ ಅವನ ಅಂಗಳದಲ್ಲಿ ಬಳಚಜ್ಜಿ ಕೂತಿದ್ದಳು. ಬಳಚುಗಳಿಗೆಲ್ಲ ಹಿರಿಯಳು. ಇರುವ ಒಂದೇ ಪಾದದಲ್ಲಿ ತೆವಳಿ ಅಳಿವೆಯಿಂದ ಅಂಗಳಕ್ಕೆ ಬರಲು ಅವಳಿಗೆ ಮೂರು ದಿನ ಬೇಕಾಗಿತ್ತು. ಹೊನ್ನಿ ಅವಳ ಮೇಲೆ ನೀರು ಚಿಮುಕಿಸುತ್ತ ಪಕ್ಕದಲ್ಲೇ ಕೂತಿದ್ದಳು. ಗಾಳಿರಾಯ ಮಾಡಿಗೆ ಒರಗಿ ನಿಂತಿದ್ದ.

"ನನ್ನ ಬಾಗಿಲು ಮುಟ್ಟಿ ನೋಡು, ಪೊಕ್ಕಣ್ಣ," ಎಂದಳು ಬಳಚಜ್ಜಿ.

ಪೊಕ್ಕಣ್ಣ ಚಿಪ್ಪಿನ ಮೇಲೆ ಹೆಬ್ಬೆರಳಿಟ್ಟ. ಹೆಬ್ಬೆರಳು ಹಪ್ಪಳ ಒಡೆದ ಹಾಗೆ ಒಳಗೆ ಹೋಯಿತು. ಬೆಂಕಿ ತಾಗಿದವನಂತೆ ಅವನು ಕೈ ಹಿಂದಕ್ಕೆ ಎಳೆದುಕೊಂಡ. ಬಳಚಿನ ಚಿಪ್ಪನ್ನು ಅವನು ಕಲ್ಲಿನಿಂದ ಕುಟ್ಟಿ ಒಡೆದವನು, ಎತ್ತು ತುಳಿದರೂ ಒಡೆಯದ ಚಿಪ್ಪನ್ನು ಕಂಡವನು.

ತನ್ನದಾದರೂ ಹಳೆಯ ಚಿಪ್ಪು, ಇಷ್ಟಾದರೂ ಇದೆ ಎಂದಳು ಅಜ್ಜಿ. ಈ ವರ್ಷ ಹುಟ್ಟಿದ ಮರಿಗಳಿಗೆ ಬಾಗಿಲೇ ಮೂಡುತ್ತಿಲ್ಲ. ಕಟ್ಟಿದ್ದು ಕಟ್ಟಿದ ಹಾಗೆ ಕರಗುತ್ತಿದೆ. ಬಾಗಿಲಿಲ್ಲದ ಮನೆಗೆ ಏಡಿ ನುಗ್ಗುತ್ತದೆ, ಮೀನು ನುಗ್ಗುತ್ತದೆ. ಮುಂದಿನ ಮಳೆಗಾಲಕ್ಕೆ ಅಳಿವೆಯಲ್ಲಿ ಬಳಚು ಎನ್ನುವ ಹೆಸರು ಇರುವುದಿಲ್ಲ.

ಪೊಕ್ಕಣ್ಣನಿಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೆ ಬುದ್ಧಿವಂತ ಎಂದು ಅಷ್ಟು ವರ್ಷ ಹೇಳಿಕೊಂಡವನು ಕಸಿವಿಸಿಯನ್ನು ತೋರಿಸುವುದು ಹೇಗೆ.

"ಚಿಪ್ಪು ತೆಳ್ಳಗಾದ್ರೆ ಎಂತ ಆಯ್ತು, ಅಜ್ಜಿ? ಗೂಡಿಗೆ ಒಂದು ಬುಟ್ಟಿ ಸುರಿವಲ್ಲಿ ಎರಡು ಬುಟ್ಟಿ ಸುರಿದ್ರಾಯ್ತು."

"ಸುರಿಯುವವರಿಗೆ ಎರಡು ಬುಟ್ಟಿ," ಎಂದಳು ಹೊನ್ನಿ. "ಹೆಕ್ಕುವವಳ ಸೊಂಟ ಒಂದೇ."

ಗಾಳಿರಾಯ ಕೆಂಡದುಸಿರಿನ ಮಾತು ತೆಗೆದ. ಪೊಕ್ಕಣ್ಣ ನಕ್ಕ. ಕಣ್ಣಿಗೆ ಕಾಣದ್ದನ್ನು ತನ್ನ ಲೆಕ್ಕಕ್ಕೆ ಹಚ್ಚಬೇಡ, ತನ್ನ ಗೂಡಿನಿಂದ ಹೊಗೆ ಬರುತ್ತದೆ, ಹೊಗೆ ಚದುರುತ್ತದೆ, ಅಲ್ಲಿಗೆ ಮುಗಿಯಿತು ಎಂದ.

"ಹಾಗಾದ್ರೆ ನಿನ್ನ ತಿಳಿಸುಣ್ಣದ ಮಡಕೆ ತಾ," ಎಂದ ಗಾಳಿರಾಯ.

ಸುಣ್ಣವನ್ನು ನೀರಿನಲ್ಲಿ ಕದಡಿ ಇಟ್ಟರೆ ಗಸಿ ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಮಡಕೆ ತೆರೆದಿಟ್ಟರೆ ಆ ತಿಳಿಯ ಮೇಲೆ ದಿನಾ ಒಂದು ಬಿಳಿ ಕೆನೆ ಕಟ್ಟುತ್ತಿತ್ತು. ಪೊಕ್ಕಣ್ಣ ಅದನ್ನು ಕೊಳೆ ಎಂದು ತೆಗೆದು ಎಸೆಯುತ್ತಿದ್ದ. ಈಗ ಗಾಳಿರಾಯ ತನ್ನ ಹೆಗಲಿನ ಹೊರೆಯಿಂದ ಒಂದು ಮುಷ್ಟಿ ತೆಗೆದು, ವಾಟೆ ಬಿದಿರಿನ ಕೊಳವೆಯಲ್ಲಿ ತುಂಬಿ, ಆ ತಿಳಿನೀರಿನೊಳಕ್ಕೆ ಊದಿದ.

ಕಣ್ಣು ಮಿಟುಕಿಸುವುದರೊಳಗೆ ಮಡಕೆಯ ನೀರು ಹಾಲಾಯಿತು.

ಯಾರೂ ಏನನ್ನೂ ಹಾಕಿರಲಿಲ್ಲ. ಕಾಣದ ಒಂದು ಮುಷ್ಟಿ ಒಳಗೆ ಹೋಗಿತ್ತು, ಅಷ್ಟೇ. ಪೊಕ್ಕಣ್ಣ ಕೈಯನ್ನು ಮಡಕೆಗೆ ಹಾಕಿದ. ತಳಕ್ಕೆ ಇಳಿಯುತ್ತಿದ್ದ ಬಿಳಿಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿದ. ಅವನ ಬಾಯಿ ಎಷ್ಟೇ ಜಂಬ ಕೊಚ್ಚಲಿ, ಅವನ ಬೆರಳು ಸುಳ್ಳು ಹೇಳುವಂಥದ್ದಲ್ಲ. ಅದು ಸುಣ್ಣವಾಗಿರಲಿಲ್ಲ. ಸುಡುವ ಮೊದಲಿನ ಚಿಪ್ಪಿನ ಪುಡಿಯೇ ಅದು.

"ಈಗ ಗೊತ್ತಾಯ್ತ?" ಎಂದಳು ಬಳಚಜ್ಜಿ. "ಕಡಲು ನುಂಗಿದ ಉಸಿರಲ್ಲಿ ಒಂಚೂರು ತಗೊಂಡೇ ನಾವು ಬಾಗಿಲು ಕಟ್ಟೋದು. ಕಟ್ಟಿ ಬೀಗ ಹಾಕಿದ್ದನ್ನ ನೀನು ಸುಟ್ಟು ಹೊರಗೆ ಬಿಡ್ತಿ."

ಪೊಕ್ಕಣ್ಣ ಬೆರಳು ಮಡಿಚಿ ಎಣಿಸಿದ. ಇದ್ದಿಲಿನ ಉಸಿರು ಒಂದು, ಚಿಪ್ಪಿನೊಳಗಿನ ಉಸಿರು ಇನ್ನೊಂದು. ಇಷ್ಟು ವರ್ಷ ಅವನು ಎರಡೆರಡನ್ನು ಬಿಚ್ಚಿ ಬಿಟ್ಟಿದ್ದ. ಚಿಪ್ಪು ತೆಳ್ಳಗಾದಷ್ಟೂ ಹೆಚ್ಚು ಸುಟ್ಟಿದ್ದ. ಹೆಚ್ಚು ಸುಟ್ಟಷ್ಟೂ ಚಿಪ್ಪು ತೆಳ್ಳಗಾಗಿತ್ತು. ಇಷ್ಟು ಸರಳವಾದ ಸುತ್ತು ಇಡೀ ಕರಾವಳಿಯ ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ಹಾಗಿದ್ದರೂ ಅವನು ತಲೆಯೆತ್ತಿ ಗೂಡನ್ನು ನೋಡಿದ. ಇಪ್ಪತ್ತೆರಡನೆಯದು ಹತ್ತಿಕೊಂಡಾಗಿತ್ತು, ಅರ್ಧ ತುಂಬಿತ್ತು, ಇನ್ನರ್ಧಕ್ಕೆ ಚಿಪ್ಪು ಬೇಕಿತ್ತು. ಉರಿಯುವ ಗೂಡನ್ನು ನಡುವೆ ನಿಲ್ಲಿಸುವ ಸುಣ್ಣದವನಿಲ್ಲ. ಅರ್ಧ ಬೆಂದದ್ದು ಅತ್ತ ಚಿಪ್ಪೂ ಅಲ್ಲ, ಇತ್ತ ಸುಣ್ಣವೂ ಅಲ್ಲ, ಬರೀ ಕಸ. ಇದೊಂದು ಗೂಡು ಮುಗಿಯಲಿ, ನಾಳೆಯಿಂದ ನೋಡೋಣ ಎಂದ ಪೊಕ್ಕಣ್ಣ. ಎರಡು ಬುಟ್ಟಿ ಚಿಪ್ಪು ತಂದುಕೊಡು ಎಂದು ಹೊನ್ನಿಗೆ ಹೇಳಿದ.

ಹೊನ್ನಿ ಬಳಚಜ್ಜಿಯನ್ನು ಬುಟ್ಟಿಯಲ್ಲಿ ಮೆಲ್ಲಗೆ ಇಟ್ಟುಕೊಂಡು, ಇನ್ನೊಂದು ಬುಟ್ಟಿ ತಲೆಗೇರಿಸಿ ಅಳಿವೆಗೆ ಇಳಿದಳು. ಅಜ್ಜಿಯನ್ನು ಅವಳ ಕೆಸರಿಗೆ ಬಿಟ್ಟಳು. ದಡದ ಹತ್ತಿರ ಗಟ್ಟಿ ಚಿಪ್ಪು ಒಂದೂ ಸಿಗಲಿಲ್ಲ. ಎಂದೂ ಹೋಗದಷ್ಟು ದೂರ, ಸೊಂಟದ ನೀರಿನವರೆಗೆ ಹೋದಳು.

ಮಧ್ಯಾಹ್ನದ ಬಿಸಿಲು. ಆಕಾಶದ ಕಂಬಳಿ ದಪ್ಪ. ಬದಿಗೆ ಸುರಿದ ಕೆಂಡದಿಂದ ನೀರು ಸ್ನಾನಕ್ಕೆ ಕಾಯಿಸಿದ ಹಾಗಿತ್ತು. ಬಿಸಿನೀರಿಗೆ ಉಸಿರು ಹಿಡಿದಿಡುವ ಶಕ್ತಿ ಕಡಿಮೆ. ಕಡಲು ತಡೆಯಿತು. ತುಟಿ ಕಚ್ಚಿಕೊಂಡು ಇನ್ನೂ ತಡೆಯಿತು. ಆಮೇಲೆ ತಡೆಯಲಾಗಲಿಲ್ಲ.

ಕಡಲು ಒಂದು ಸಲ ತೇಗಿತು.

ಪೊಕ್ಕಣ್ಣ ಗೂಡಿನ ತುದಿಯಲ್ಲಿ ಇದ್ದಿಲು ಹರಡುತ್ತ ನಿಂತಿದ್ದ. ಶಬ್ದ ಕೇಳಿ ತಿರುಗಿದ. ಅಳಿವೆಯ ತುಂಬ ನೀರು ಗುಳ್ಳೆಗುಳ್ಳೆಯಾಗಿ ಉಕ್ಕುತ್ತಿತ್ತು. ಆಮೇಲೆ ದಡದ ಮೊದಲ ಗೂಡಿನ ಬೆಂಕಿ ಆರಿತು. ಎರಡನೆಯದು ಆರಿತು. ಮೂರು, ನಾಲ್ಕು, ಐದು, ಯಾರೋ ಸಾಲು ದೀಪಗಳನ್ನು ಊದಿಕೊಂಡು ಬಂದ ಹಾಗೆ. ನೀರು ಸುರಿದವರಿಲ್ಲ, ಮಣ್ಣು ಎಸೆದವರಿಲ್ಲ. ಮನೆಮನೆಯ ಒಲೆಗಳು ಆರಿದವು. ಅಂಗಳದ ಕೋಳಿಗಳು ನಿಂತಲ್ಲೇ ತೂಕಡಿಸಿ ಉರುಳಿದವು. ಗುಳ್ಳೆಯೊಡೆದು ಹೊರಬಿದ್ದ ಕೆಂಡದುಸಿರು ಗಾಳಿಗಿಂತ ಭಾರ, ಅದು ಬೆಂಕಿ ನಂದಿಸುತ್ತ, ಉಸಿರು ಕಟ್ಟಿಸುತ್ತ ನೆಲ ಹಿಡಿದು ತೆವಳುತ್ತಿತ್ತು. ಕಡೆಗೆ ಅವನ ಕಾಲಡಿಯ ಇಪ್ಪತ್ತೆರಡನೆಯ ಗೂಡೂ ಬುಸ್ಸೆಂದು ಆರಿತು.

ಆಗ ಅವನಿಗೆ ಹೊನ್ನಿಯ ಬುಟ್ಟಿ ಕಂಡಿತು. ಬುಟ್ಟಿ ತೇಲುತ್ತಿತ್ತು. ಹೊನ್ನಿ ಕಾಣಲಿಲ್ಲ.

ಪೊಕ್ಕಣ್ಣ ಹೇಗೆ ಇಳಿದನೋ ಅವನಿಗೇ ತಿಳಿಯದು. ಅಷ್ಟೆತ್ತರದ ಗೂಡಿನಿಂದ ಒಂದೇ ಹೆಜ್ಜೆಗೆ ಇಳಿದ ಎಂದು ಹೇಳುವವರಿದ್ದಾರೆ. ಆ ಮಾತನ್ನು ಅವನೊಬ್ಬನೇ ಎಂದೂ ಹೇಳಿಕೊಳ್ಳಲಿಲ್ಲ. ಗಾಳಿರಾಯ ಅವನ ಹಿಂದೆಯೇ ಓಡಿ ಬಂದು ಬಗ್ಗಬೇಡ, ಬಗ್ಗಿದರೆ ಸತ್ತೆ ಎಂದು ಕೂಗುತ್ತಿದ್ದ. ಮುಳುಗಿದವಳನ್ನು ಬಗ್ಗದೆ ಎತ್ತುವುದು ಹೇಗೆ. ಪೊಕ್ಕಣ್ಣ ದಡದಲ್ಲಿ ನಿಂತು, ಕಡಲಿನ ಕಡೆಗೆ ಎರಡೂ ಕೈ ಚಾಚಿದ.

ಕಡಲಿಗೂ ತನ್ನ ತೇಗಿಗೆ ತಾನೇ ಬೆಚ್ಚಿ ಮೈ ನಡುಗುತ್ತಿತ್ತು. ಆದರೂ ಅದು ಇದ್ದ ಬಲವನ್ನೆಲ್ಲ ಕೂಡಿಸಿಕೊಂಡಿತು. ನೀರು ಎದ್ದಿತು. ದಡದ ಗೆರೆ ದಾಟಿತು, ಒಣ ಮರಳಿನ ಮೇಲೆ ಏರಿತು, ಹುಟ್ಟಿದಂದಿನಿಂದ ಬಾರದಷ್ಟು ಮೇಲೆ ಬಂದು, ಹೊನ್ನಿಯನ್ನು ಪೊಕ್ಕಣ್ಣನ ಕಾಲ ಬಳಿ ಮಲಗಿಸಿ, ಹಿಂದಕ್ಕೆ ಸರಿಯಿತು.

ಗಾಳಿರಾಯ ಹೆಗಲ ಹೊರೆಯನ್ನೆಲ್ಲ ಎಸೆದು ಬೀಸಿದ. ಬಡಗಣದಿಂದ ಬೀಸಿದ, ತೆಂಕಣದಿಂದ ಬೀಸಿದ, ಅಳಿವೆಯನ್ನು ಗುಡಿಸಿ ಗುಡಿಸಿ ಚೊಕ್ಕ ಮಾಡಿದ. ಹೊನ್ನಿಯ ಎದೆ ಏಳಲಿಲ್ಲ. ಪೊಕ್ಕಣ್ಣ ಮರಳಿನಲ್ಲಿ ಕುಸಿದು ಅವಳ ಕೈ ಹಿಡಿದ. ಅವಳ ಉಗುರಿನ ತುದಿ ನೀಲಿಯಾಗಿತ್ತು. ಬೆರಳ ಸಂದಿಯಲ್ಲಿ ಒಂದು ತೆಳ್ಳನೆಯ ಚಿಪ್ಪು ಇನ್ನೂ ಸಿಕ್ಕಿಕೊಂಡಿತ್ತು.

ಕೋಳಿಗಳು ಒಂದೊಂದಾಗಿ ಎದ್ದು ಮೈ ಕೊಡವಿದವು. ಮನೆಗಳಿಂದ ಜನ ತಲೆ ಹಿಡಿದುಕೊಂಡು ಹೊರಗೆ ಬಂದರು. ಎಲ್ಲರೂ ಎದ್ದ ಮೇಲೆ, ಎಲ್ಲರಿಗಿಂತ ಕಡೆಗೆ, ಹೊನ್ನಿ ಕೆಮ್ಮಿದಳು.

ಕಣ್ಣು ಬಿಟ್ಟು ಅವಳು ಮೊದಲು ಕೇಳಿದ್ದು ಬುಟ್ಟಿ ಎಲ್ಲಿ ಎಂದು. ಯಾವ ಪ್ರಶ್ನೆಗೂ ಮೂರು ಉತ್ತರ ಇಟ್ಟುಕೊಂಡಿದ್ದ ಪೊಕ್ಕಣ್ಣ ಮಗುವಿನ ಹಾಗೆ ಅತ್ತುಬಿಟ್ಟ.

"ತಮ್ಮಾ," ಎಂದಿತು ಕಡಲು. ಅದು ಮನುಷ್ಯರೊಡನೆ ಆಡಿದ ಮೊದಲ ಮಾತು. "ಇನ್ನೊಂದು ಗಳಿಗೆ ತಡವಾಗಿದ್ರೆ ನಾನೇ ಇವಳನ್ನ ಕೊಂದುಬಿಡ್ತಿದ್ದೆ. ನುಂಗೋಕೆ ನಂಗೆ ಬೇಸರ ಇಲ್ಲ. ನೀವು ಕೊಡೋ ವೇಗಕ್ಕೆ ನುಂಗೋಕೆ ಆಗೋದಿಲ್ಲ."

ಬಾಯಿ ಮುಚ್ಚಿಕೊಂಡು ಮೊದಲಿನ ಹಾಗೆ ಮಲಗಿಬಿಡಲೇ ಎಂದು ಯೋಚಿಸಿದೆ, ಎಂದಿತು ಕಡಲು. ಮಲಗಿದರೆ ಆಕಾಶ ಕಾದು ಬಾಣಲೆಯಾಗುತ್ತದೆ. ಬಾಯಿ ತೆರೆದು ಗಬಗಬ ನುಂಗುತ್ತಲೇ ಇದ್ದರೆ ಬಳಚಿನ ಮರಿಗಳಿಗೆ ಬಾಗಿಲಿಲ್ಲ. ಆದ್ದರಿಂದ ಇನ್ನು ಮುಂದೆ ಒಂದೊಂದೇ ತುತ್ತು ನುಂಗುತ್ತೇನೆ, ಹಗಲಿರುಳು ನಿಲ್ಲಿಸದೆ ನುಂಗುತ್ತೇನೆ, ನುಂಗಿದ್ದನ್ನು ಕೆಳಕೋಣೆಗೆ ಇಳಿಸಿ ಮತ್ತೆ ಬರುತ್ತೇನೆ. ನೀವು ಬೆಂಕಿ ಸಣ್ಣದು ಮಾಡಬೇಕು. ಇಷ್ಟೇ ಮಾತು.

ಪೊಕ್ಕಣ್ಣ ಕಣ್ಣೊರೆಸಿಕೊಂಡ. ಪಿಕಾಸಿ ತಂದು, ಎಲ್ಲರೂ ನೋಡುತ್ತಿದ್ದಂತೆ, ಇಪ್ಪತ್ತೆರಡನೆಯ ಗೂಡಿನ ಬುಡಕ್ಕೆ ಮೊದಲ ಏಟು ಹಾಕಿದ. ಅರ್ಧ ಬೆಂದ ಚಿಪ್ಪೆಲ್ಲ ಕಸವಾಗಿ ಹೊರಗೆ ಸುರಿಯಿತು. ಪೊಕ್ಕಣ್ಣ ಇನ್ನೊಂದು ಏಟು ಹಾಕಿದ. ಸಂಜೆಯೊಳಗೆ ಇಪ್ಪತ್ತೊಂದು ಗೂಡು ಬಿದ್ದವು. ಉಳಿದದ್ದು ಒಂದೇ ಒಂದು, ಮೊದಮೊದಲು ಕಟ್ಟಿದ ಮೊಣಕಾಲೆತ್ತರದ್ದು. ಅದಕ್ಕೂ ಕಡಲು ತಾನಾಗಿ ದಡಕ್ಕೆ ತಂದು ಹಾಕುವ ಖಾಲಿ ಚಿಪ್ಪು ಮಾತ್ರ.

ಕೆಲಸ ಮುಗಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅವನು ಕಡಲಿನ ಎದುರು ನಿಂತ. ಹಳೆಯ ದನಿ ಸ್ವಲ್ಪ ಮರಳಿ ಬಂದಿತ್ತು.

"ಕಡಲಮ್ಮಾ, ತೆಂಕಣ ಬಡಗಣದವರ ಚಿಂತೆ ಬಿಡು. ಈ ಪೊಕ್ಕಣ್ಣ ಒಂದು ಮಾತು ಹೇಳಿದ್ರೆ ಇಡೀ ಕರಾವಳಿ ಬೆಂಕಿ ಸಣ್ಣ ಮಾಡ್ತದೆ."

"ಇವ್ರ ಮಾತು ನಂಬಬೇಡಿ, ಅಮ್ಮಾ," ಎಂದಳು ಮರಳಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಹೊನ್ನಿ. "ನೀವೇ ಬಂದು ನೋಡಿಕೊಂಡು ಹೋಗಿ."

ಕಡಲಿಗೆ ಆ ಮಾತು ಸರಿಯೆನಿಸಿತು.

ಪೊಕ್ಕಣ್ಣ ಬದುಕಿರುವಷ್ಟು ದಿನ ಬೆಂಕಿ ಸಣ್ಣದಾಗಿಯೇ ಇತ್ತು, ಬಳಚಿನ ಮರಿಗಳಿಗೆ ಬಾಗಿಲೂ ಮೂಡಿತು. ಅವನ ಮೊಮ್ಮಕ್ಕಳ ಮೊಮ್ಮಕ್ಕಳು ಸುಣ್ಣದ ಗೂಡಿಗಿಂತ ಸಾವಿರ ಪಾಲು ದೊಡ್ಡ ಒಲೆಗಳನ್ನು ಹಚ್ಚಿದರು, ಚಕ್ರದ ಮೇಲೆ ಓಡುವ ಒಲೆಗಳನ್ನೂ ಹಚ್ಚಿದರು. ಕಡಲು ಮಾತ್ರ ತನ್ನ ಮಾತು ತಪ್ಪಲಿಲ್ಲ. ನಾವು ಬಿಡುವ ನಾಲ್ಕು ಹೊರೆ ಕೆಂಡದುಸಿರಿನಲ್ಲಿ ಒಂದು ಹೊರೆಯನ್ನು ಅದು ಈಗಲೂ ನುಂಗಿ ಕೆಳಗಿಳಿಸುತ್ತಿದೆ.

ಅದಕ್ಕೇ, ನೀವು ಕಡಲ ಬದಿಯಲ್ಲಿ ನಿಂತಾಗ ಅಲೆ ಬಾಯಿ ತೆರೆದುಕೊಂಡು ಬರುತ್ತದೆ, ಬೆಳ್ಳಗೆ ನೊರೆ ಕಾರುತ್ತ ಒಂದು ತುತ್ತು ಗಾಳಿ ನುಂಗುತ್ತದೆ, ಮರಳಿನ ಮೇಲೆ ಆದಷ್ಟೂ ಮುಂದೆ ಏರಿ ಊರಿನ ಕಡೆಗೆ ಒಮ್ಮೆ ಇಣುಕುತ್ತದೆ, ಬೆಂಕಿ ಸಣ್ಣದಾಯಿತೇ ಎಂದು ನಿಮ್ಮ ಪಾದ ಮುಟ್ಟಿ ಕೇಳುತ್ತದೆ, ಉತ್ತರ ಸಿಗದೆ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ.